ಇಪ್ಪತ್ತು ರೂಪಾಯಿಯಲ್ಲಿ 83 ಪೈಸೆ

ಹೋದ ತಿಂಗಳ ಒಂದು ಶನಿವಾರ ರಾತ್ರಿ, ಮಡಿಕೇರಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಫಾಸ್ಟ್ ಫುಡ್ ಅಂಗಡಿ. ಒಂಬತ್ತೂವರೆ ಇರಬೇಕು. ರಾಜಾಸೀಟ್ ನೋಡಿ ಇಳಿದು ಬಂದ ಬೆಂಗಳೂರಿನ ಕಾರುಗಳು ರಸ್ತೆ ಬದಿ ಸಾಲಾಗಿ ನಿಂತಿದ್ದವು. ಗೋಡೆಯ ಮೆನು ಬೋರ್ಡಿನಲ್ಲಿ ಹಳೇ ರೇಟಿನ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿ, ಪೆನ್ನಿನಲ್ಲಿ ಹೊಸ ರೇಟು ಬರೆದಿದ್ದರು. ಗೋಬಿ 80 ಇದ್ದದ್ದು 100 ಆಗಿತ್ತು. ಹೆಚ್ಚುಕಡಿಮೆ ಎಲ್ಲಾ ಐಟಂ ಮೇಲೂ ಇಪ್ಪತ್ತು ಏರಿತ್ತು. ಒಬ್ಬರು ಗಲ್ಲಾ ಮುಂದೆ ನಿಂತು, "ಏನ್ ಸಾರ್, ಒಂದೇ ಸಲ ಇಪ್ಪತ್ತಾ?" ಅಂದರು. ಮಾಲೀಕರು ತಲೆ ಎತ್ತದೆ ಹೇಳಿದರು: "ಏನ್ ಮಾಡೋದು ಸಾರ್, ಕೆಲಸದವರ ಸಂಬಳ ಜಾಸ್ತಿ ಆಗಿದೆ."

ಗಿರಾಕಿ ತಲೆಯಾಡಿಸಿ ದುಡ್ಡು ಕೊಟ್ಟು ಹೋದರು. ನನಗೆ ಮಾತ್ರ ಒಪ್ಪಲಾಗಲಿಲ್ಲ, ಯಾಕೆಂದರೆ ಆ ಅಂಗಡಿಯ ಲೆಕ್ಕ ಬರೆಯುವವನು ನಾನೇ.

ಅಂಗಡಿ ಹೆಸರು ಹೇಳುವುದಿಲ್ಲ, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡುತ್ತೇನೆ ಅಂತ ಮಾತು ಕೊಟ್ಟು, ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಸೀಸನ್ನಿನಲ್ಲಿ ದಿನಕ್ಕೆ 120 ಪ್ಲೇಟ್ ಅಂತ ಹಿಡಿಯಿರಿ. ತಿಂಗಳಿಗೆ 3,600. ಕೆಲಸಕ್ಕೆ ಮೂರು ಜನ. ಬಾಣಲೆ ಮುಂದೆ ನಿಲ್ಲುವ ಮಾಸ್ಟರ್‌ಗೆ 22,000. ಕೋಸು ಹೆಚ್ಚುವುದು, ಪ್ಲೇಟ್ ತೊಳೆಯುವುದು, ಪಾರ್ಸೆಲ್ ಕಟ್ಟುವುದು ಎಲ್ಲಾ ಮಾಡುವ ಇಬ್ಬರು ಹುಡುಗರಿಗೆ ತಲಾ 15,000. ಒಟ್ಟು 52,000. ಈ ವರ್ಷ ಒಬ್ಬೊಬ್ಬರಿಗೆ ಒಂದೊಂದು ಸಾವಿರ ಏರಿಸಿದ್ದಾರೆ, ಅಂದರೆ ಮೂರು ಸಾವಿರ. ಅದನ್ನು 3,600 ಪ್ಲೇಟಿಗೆ ಹಂಚಿದರೆ ಪ್ಲೇಟಿಗೆ 83 ಪೈಸೆ ಬೀಳುತ್ತದೆ.

ಉಳಿದ ಹತ್ತೊಂಬತ್ತು ಚಿಲ್ಲರೆ ಎಲ್ಲಿ ಹೋಯಿತು? ಬಾಡಿಗೆ 32,000 ಇದ್ದದ್ದು 40,000 ಆಯಿತು, ಅದು ಪ್ಲೇಟಿಗೆ ಎರಡು ರೂಪಾಯಿ ಇಪ್ಪತ್ತು ಪೈಸೆ. ಎಣ್ಣೆ, ಕೋಳಿ, ಸಿಲಿಂಡರ್ ಎಲ್ಲಾ ಸೇರಿ ಒಂಬತ್ತು. ಮಿಕ್ಕ ಎಂಟು ಮಾಲೀಕರ ಕೈಯಲ್ಲಿದೆ. ಅದು ತಪ್ಪು ಅಂತ ಹೇಳುತ್ತಿಲ್ಲ, ಅದಕ್ಕೊಂದು ಕಾರಣ ಇದೆ, ಮಳೆಗಾಲದ ಮಾತು ಬಂದಾಗ ಹೇಳುತ್ತೇನೆ. ಆದರೆ ಒಂದು ನೋಡಿ. ಬಿಲ್ಡಿಂಗ್ ಓನರ್ ಬಾಡಿಗೆ ಏರಿಸಿದರು ಸಾರ್ ಅಂತ ಯಾವ ಅಂಗಡಿಯವರೂ ಗಿರಾಕಿಗೆ ಹೇಳುವುದಿಲ್ಲ. ಬೈಸಿಕೊಳ್ಳುವುದಕ್ಕೆ ಯಾವಾಗಲೂ ಪ್ಲೇಟ್ ತೊಳೆಯುವ ಹುಡುಗನೇ ಬೇಕು.

ಇದೇ ಜಗಳ ಅಮೆರಿಕದಲ್ಲಿ ಹತ್ತು ಹನ್ನೆರಡು ವರ್ಷದಿಂದ ನಡೆಯುತ್ತಿದೆ, ನಮ್ಮ ಇಪ್ಪತ್ತು ರೂಪಾಯಿ ಬದಲು ಅಲ್ಲಿ ಇಪ್ಪತ್ತು ಡಾಲರ್. 2012ರ ನವೆಂಬರಿನಲ್ಲಿ ನ್ಯೂಯಾರ್ಕಿನ ಇನ್ನೂರರಷ್ಟು ಬರ್ಗರ್ ಅಂಗಡಿ ಕೆಲಸಗಾರರು ಕೆಲಸ ಬಿಟ್ಟು ಬೀದಿಗೆ ಬಂದು ಗಂಟೆಗೆ 15 ಡಾಲರ್ ಕೇಳಿದರು. ಆಗ ಎಲ್ಲರೂ ನಕ್ಕಿದ್ದರು. ನಗುವುದಕ್ಕೆ ಕಾರಣವೂ ಇತ್ತು, ಯಾಕೆಂದರೆ ಅಲ್ಲಿ ಕೇಂದ್ರ ಸರ್ಕಾರದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. 2009ರಲ್ಲಿ ನಿಗದಿಯಾದ ಆ ಅಂಕಿ ಅದಾದ ಮೇಲೆ ಒಂದು ಸೆಂಟೂ ಅಲ್ಲಾಡಿಲ್ಲ. ಅದಕ್ಕೇ ರಾಜ್ಯಗಳು, ನಗರಗಳು ತಮ್ಮ ತಮ್ಮ ದಾರಿ ಹಿಡಿದವು. ಕ್ಯಾಲಿಫೋರ್ನಿಯಾ ಎಲ್ಲರಿಗಿಂತ ಮುಂದೆ ಹೋಗಿ ಫಾಸ್ಟ್ ಫುಡ್‌ಗೇ ಅಂತ ಬೇರೆ ಕಾನೂನು ತಂದಿತು. 2023ರ ಸೆಪ್ಟೆಂಬರಿನಲ್ಲಿ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದರು, 2024ರ ಏಪ್ರಿಲ್ 1ರಿಂದ ಗಂಟೆಗೆ 20 ಡಾಲರ್. (ಅಲ್ಲಿ ರಾಜ್ಯಪಾಲರನ್ನು ಜನ ಓಟು ಹಾಕಿ ಆರಿಸುತ್ತಾರೆ, ನಮ್ಮ ಮುಖ್ಯಮಂತ್ರಿ ಇದ್ದಂತೆ.) ಅದುವರೆಗೆ ರಾಜ್ಯದ ಕನಿಷ್ಠ 16 ಇತ್ತು. ಒಂದೇ ಏಟಿಗೆ ಕಾಲು ಭಾಗ ಜಾಸ್ತಿ, ಸುಮಾರು ಐದು ಲಕ್ಷ ಜನರಿಗೆ.

ಎಲ್ಲಾ ಅಂಗಡಿಗೂ ಅಲ್ಲ. ದೇಶದಲ್ಲಿ 60 ಅಥವಾ ಅದಕ್ಕಿಂತ ಜಾಸ್ತಿ ಶಾಖೆ ಇರುವ ಕಂಪನಿಗಳಿಗೆ ಮಾತ್ರ. ಆ ಕಾನೂನನ್ನು ಹಾಗೇ ತಂದು ಮಡಿಕೇರಿಯಲ್ಲಿ ಹಾಕಿದರೆ ಬಸ್ ಸ್ಟ್ಯಾಂಡ್ ಸುತ್ತಿನ ಗೋಬಿ ಗಾಡಿ, ಶವರ್ಮಾ ಅಂಗಡಿ, ಕುಶಾಲನಗರದ ಮೊಮೊ ಅಂಗಡಿ, ಯಾವುದಕ್ಕೂ ತಾಗುವುದಿಲ್ಲ. ಕಾಗದದ ಮೇಲೆ ನಮ್ಮ ಕಾನೂನೇ ಜೋರು. ಇಲ್ಲಿ ಒಬ್ಬನೇ ಒಬ್ಬ ಕೆಲಸದವನಿದ್ದರೂ ಕನಿಷ್ಠ ವೇತನ ಕೊಡಬೇಕು. ಆದರೆ ಇಎಸ್‌ಐ ಬೇಕಾದರೆ ಹತ್ತು ಜನ ಇರಬೇಕು, ಪಿಎಫ್ ಬೇಕಾದರೆ ಇಪ್ಪತ್ತು ಜನ. ಮೂರು ಜನರ ಅಂಗಡಿಗೆ ಎರಡೂ ಇಲ್ಲ. ಕುದಿಯುವ ಎಣ್ಣೆ ಕೈಮೇಲೆ ಹಾರಿದರೆ ಜಿಲ್ಲಾಸ್ಪತ್ರೆ, ಇಲ್ಲವೇ ಮಾಲೀಕರ ದೊಡ್ಡ ಮನಸ್ಸು.

ಸಂಬಳ ಏರಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ಜನರ ಕೆಲಸ ಹೋಯಿತಾ, ರೇಟು ಏರಿತಾ ಅನ್ನುವುದರ ಬಗ್ಗೆ ಇನ್ನೂ ಕಿತ್ತಾಟ ಮುಗಿದಿಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಕೆಲಸ ಹೋಗಿಲ್ಲ ಅಂದರು. ರೇಟು ಏರಿದ್ದೂ ಕಡಿಮೆ, 4 ಡಾಲರಿನ ಬರ್ಗರ್‌ಗೆ ಸುಮಾರು 15 ಸೆಂಟ್ ಅಂತ ಅವರ ಮೊದಲ ವರದಿ ಹೇಳಿತು. 2025ರಲ್ಲಿ ಬೇರೆ ಅರ್ಥಶಾಸ್ತ್ರಜ್ಞರು ಇನ್ನೊಂದು ಲೆಕ್ಕ ತಂದರು, ಈ ಕಾನೂನು ಇಲ್ಲದಿದ್ದರೆ ಇರುತ್ತಿದ್ದ ಕೆಲಸಗಳಿಗೆ ಹೋಲಿಸಿದರೆ 18,000ದಷ್ಟು ಕಡಿಮೆಯಾಗಿದೆ ಅಂತ. ಕಾನೂನು ಜಾರಿಗೆ ಬರುವ ಮೊದಲೇ ಪಿಜ್ಜಾ ಹಟ್‌ನ ಕೆಲವು ಫ್ರಾಂಚೈಸಿಗಳು ಸಾವಿರಕ್ಕೂ ಜಾಸ್ತಿ ಡೆಲಿವರಿ ಹುಡುಗರನ್ನು ತೆಗೆದದ್ದಂತೂ ನಿಜ. ಎರಡೂ ಕಡೆಯವರು ತಮಗೆ ಬೇಕಾದ ಅಂಕಿ ಹಿಡಿದು ಓಡಾಡುತ್ತಿದ್ದಾರೆ. ನನಗೆ ಅನ್ನಿಸುವುದು, 18,000ವನ್ನೇ ನಿಜ ಅಂದುಕೊಂಡರೂ ಉಳಿದ ನಾಲ್ಕು ಲಕ್ಷ ಎಂಬತ್ತು ಸಾವಿರ ಜನರಿಗೆ ಗಂಟೆಗೆ 20 ಡಾಲರಿಗಿಂತ ಕಡಿಮೆ ಕೊಡುವ ಹಾಗಿಲ್ಲ. ಅದು ಒಳ್ಳೇ ವ್ಯಾಪಾರವಾ ಅನ್ನುವುದು ನೀವು ಉಳಿದವರೋ ಹೋದವರೋ ಅನ್ನುವುದರ ಮೇಲೆ ನಿಂತಿದೆ.

ಆದರೆ ಸಂಬಳ ಏರಿಸಿದರೂ ಕೆಲಸ ಯಾಕೆ ಮಾಯವಾಗುವುದಿಲ್ಲ? ಇದು ಹಳೇ ಒಗಟು. 1992ರಲ್ಲಿ ನ್ಯೂಜೆರ್ಸಿ ರಾಜ್ಯ ಕನಿಷ್ಠ ವೇತನವನ್ನು 4.25ರಿಂದ 5.05 ಡಾಲರಿಗೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಗಡಿಯ ಎರಡೂ ಕಡೆಯ 410 ಫಾಸ್ಟ್ ಫುಡ್ ಅಂಗಡಿಗಳನ್ನು ಏರಿಕೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ವಿಚಾರಿಸಿದರು. ಅರ್ಥಶಾಸ್ತ್ರದ ಪುಸ್ತಕದ ಪ್ರಕಾರ ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗಬೇಕಿತ್ತು. ಆಗಿರಲಿಲ್ಲ. ಡೇವಿಡ್ ನ್ಯೂಮಾರ್ಕ್, ವಿಲಿಯಂ ವಾಷರ್ ಅನ್ನುವವರು ಸಂಬಳದ ದಾಖಲೆ ತಂದು ಇದು ಸರಿಯಿಲ್ಲ ಅಂತ ವಾದಿಸಿದರು, ಆ ವಾದ ವರ್ಷಗಟ್ಟಲೆ ನಡೆಯಿತು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.

ಈ ಒಗಟಿಗೆ ಅರ್ಥಶಾಸ್ತ್ರಜ್ಞರು ಕೊಡುವ ಒಂದು ಉತ್ತರ ಪುಸ್ತಕದಲ್ಲಿ ಓದಿದರೆ ತಲೆಗೆ ಹೋಗುವುದಿಲ್ಲ, ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ ಐದು ನಿಮಿಷ ನಿಂತರೆ ಅರ್ಥವಾಗುತ್ತದೆ. ಆ ಇಬ್ಬರು ಹುಡುಗರಲ್ಲಿ ಒಬ್ಬ ಅಸ್ಸಾಮಿನವನು. ಕನ್ನಡ ಚೆನ್ನಾಗಿಯೇ ಕಲಿತಿದ್ದಾನೆ, ಎಲ್ಲರಿಗೂ "ಅಣ್ಣಾ" ಅನ್ನುತ್ತಾನೆ. ಮಲಗುವುದು ಅಂಗಡಿ ಮೇಲಿನ ಅಟ್ಟದಲ್ಲಿ, ಎಣ್ಣೆ ಡಬ್ಬ, ಈರುಳ್ಳಿ ಮೂಟೆ ಪಕ್ಕ. ಬಂದ ಹೊಸದರಲ್ಲಿ ಫೋನ್ ತಗೊಳ್ಳುವುದಕ್ಕೆ, ಆಮೇಲೆ ಊರಿಗೆ ಕಳಿಸುವುದಕ್ಕೆ ಅಡ್ವಾನ್ಸ್ ತಗೊಂಡಿದ್ದಾನೆ. ಗಲ್ಲಾ ಕೆಳಗಿನ ಉದ್ದ ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಪುಟ ಇದೆ, 500, 2,000, 500, 300. ಕೊನೆಯ ಸಾಲಿನಲ್ಲಿ "ಬಾಕಿ 9,200" ಅಂತ ಅಡಿಗೆರೆ. ಎದುರು ಸಾಲಿನ ಅಂಗಡಿಯವರು ಅವನಿಗೆ 16,500 ಕೊಡುತ್ತೇನೆ ಅಂದಿದ್ದಾರೆ. ಹೋಗಬಹುದಾ? ಹೋಗಬೇಕಾದರೆ 9,200 ಒಟ್ಟಿಗೆ ಕಟ್ಟಬೇಕು, ಅವತ್ತು ರಾತ್ರಿಯೇ ಮಲಗುವುದಕ್ಕೆ ಬೇರೆ ಜಾಗ ನೋಡಬೇಕು. ಮಡಿಕೇರಿಯಲ್ಲಿ ಸೀಸನ್ ಟೈಮಿನಲ್ಲಿ ರೂಮ್ ಅಂದರೆ ಏನು ಅಂತ ನಿಮಗೆ ಗೊತ್ತಲ್ಲ. ಅವನು ಹೋಗಲಿಲ್ಲ.

ಅಂದರೆ ಅವನ ಕೆಲಸದ ಬೆಲೆ ಪೇಟೆಯಲ್ಲಿ 16,500 ಇದೆ, ಅವನಿಗೆ ಸಿಗುತ್ತಿರುವುದು 15,000. ಮಾಲೀಕರು ಕೆಟ್ಟವರಲ್ಲ, ಹುಷಾರಿಲ್ಲದಾಗ ಕಷಾಯ ಮಾಡಿಸಿ ಕೊಟ್ಟವರು. ಆದರೂ ಆ ಸಾವಿರದ ಐನೂರು ಅವರ ಕಡೆ ಉಳಿಯುತ್ತದೆ, ಯಾಕೆಂದರೆ ಹುಡುಗ ಅಲ್ಲಾಡುವ ಹಾಗಿಲ್ಲ. ಇಂಥ ಕಡೆ ಕಾನೂನು ಬಂದು 16,500 ಕೊಡು ಅಂದರೆ ಅವರು ಯಾರನ್ನೂ ತೆಗೆಯುವುದಿಲ್ಲ, ತೆಗೆದರೆ ಪ್ಲೇಟ್ ತೊಳೆಯುವವರಿಲ್ಲ. ಗೊಣಗಿಕೊಂಡು ಕೊಡುತ್ತಾರೆ. ನ್ಯೂಜೆರ್ಸಿಯಲ್ಲಿ ಅಡ್ವಾನ್ಸ್ ಪುಸ್ತಕ ಇರಲಿಲ್ಲ, ಅಟ್ಟವೂ ಇರಲಿಲ್ಲ, ಆದರೆ ಕಾರಿಲ್ಲದವನು, ಮಗುವನ್ನು ಬಿಟ್ಟು ದೂರ ಹೋಗಲಾಗದವಳು, ಹತ್ತಿರ ಸಿಕ್ಕ ಕೆಲಸಕ್ಕೇ ಅಂಟಿಕೊಂಡವರು ಅಲ್ಲೂ ಇದ್ದರು.

ಹಾಗಾದರೆ ಈ ವರ್ಷದ ಆ ಸಾವಿರ ರೂಪಾಯಿ ಏರಿಕೆ ಎಲ್ಲಿಂದ ಬಂತು? ಕಾನೂನಿಂದ ಬರಲಿಲ್ಲ, ಕಾಫಿಯಿಂದ ಬಂತು. 2024ರಲ್ಲಿ ರೊಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) 50 ಕಿಲೋ ಮೂಟೆ ಹತ್ತು ಸಾವಿರ ದಾಟಿದ್ದು ಕೊಡಗಿನಲ್ಲಿ ಯಾರಿಗೂ ಮರೆತಿಲ್ಲ. ರೇಟು ಚೆನ್ನಾಗಿದ್ದಾಗ ಹಣ್ಣು ಗಿಡದಲ್ಲಿ ಒಣಗಲು ಯಾವ ತೋಟದವರೂ ಬಿಡುವುದಿಲ್ಲ. ಕಿಲೋ ಲೆಕ್ಕದಲ್ಲಿ ಕುಯ್ದರೆ ಕೈ ಚುರುಕಿದ್ದವನು ಹೋಟೆಲ್ ಸಂಬಳಕ್ಕಿಂತ ಜಾಸ್ತಿ ಎತ್ತುತ್ತಾನೆ. ನಮ್ಮ ಹುಡುಗನ ಅಣ್ಣ ಸಿದ್ದಾಪುರ ಕಡೆ ತೋಟದ ಲೈನ್ ಮನೆಯಲ್ಲಿದ್ದಾನೆ. ಅಲ್ಲಿ ಮಲಗುವುದಕ್ಕೆ ಜಾಗವೂ ಇದೆ, ಅಡ್ವಾನ್ಸ್ ಬಾಕಿ ತೀರಿಸುವುದಕ್ಕೆ ಅಣ್ಣನೂ ಇದ್ದಾನೆ. ಕುಯ್ಲು ಶುರುವಾಗುವ ಹೊತ್ತಿಗೆ ಮಾಲೀಕರ ಬಾಯಲ್ಲಿ ತಾನಾಗಿ ಬಂತು, "ಇನ್ನೊಂದು ಸಾವಿರ ಕೊಡ್ತೀನಿ, ಇರಪ್ಪಾ." ಒಬ್ಬನಿಗೆ ಕೊಟ್ಟ ಮೇಲೆ ಮೂವರಿಗೂ ಕೊಡಲೇಬೇಕಾಯಿತು. ಹೋಗುವುದಕ್ಕೊಂದು ದಾರಿ ಕಂಡ ದಿನ ಸಂಬಳ ಏರಿತು.

ಈಗ ನನಗೆ ಮುಖ್ಯ ಅನ್ನಿಸಿದ ವಿಷಯಕ್ಕೆ ಬರುತ್ತೇನೆ. ಅಮೆರಿಕದವರು ಜಗಳವಾಡುವುದು ಗಂಟೆಗೆ ಎಷ್ಟು ಅಂತ, ನಾವು ಆಡುವುದು ತಿಂಗಳಿಗೆ ಎಷ್ಟು ಅಂತ. ಕೇಳುವುದಕ್ಕೆ ಸಣ್ಣ ವ್ಯತ್ಯಾಸ. ಆದರೆ ತಿಂಗಳ ಲೆಕ್ಕದಲ್ಲಿ ಗಂಟೆ ಅನ್ನುವುದು ಕಾಣೆಯಾಗಿಬಿಡುತ್ತದೆ. ಆ ಹುಡುಗ ಬೆಳಿಗ್ಗೆ ಹನ್ನೊಂದಕ್ಕೆ ಕೋಸು ಹೆಚ್ಚುವುದಕ್ಕೆ ಕೂತರೆ ರಾತ್ರಿ ಹನ್ನೊಂದಕ್ಕೆ ನೆಲ ತೊಳೆದು ಶಟರ್ ಎಳೆಯುತ್ತಾನೆ. ಹನ್ನೆರಡು ಗಂಟೆ. ತಿಂಗಳಿಗೆ ಎರಡು ರಜೆ. 28 ದಿನ, 336 ಗಂಟೆ. 15,000 ಭಾಗಿಸು 336 ಅಂದರೆ ಗಂಟೆಗೆ 45 ರೂಪಾಯಿಯೂ ಇಲ್ಲ. ಒಂದು ಪ್ಲೇಟ್ ಗೋಬಿ ತಿನ್ನಬೇಕಾದರೆ ಅವನು ಎರಡು ಗಂಟೆಗಿಂತ ಜಾಸ್ತಿ ಗೋಬಿ ಅಂಗಡಿಯಲ್ಲೇ ದುಡಿಯಬೇಕು. (ಅಂಗಡಿಯಲ್ಲಿ ಫ್ರೀ ಸಿಗುತ್ತದೆ ಅನ್ನಿ. ಆದರೆ ಆರು ತಿಂಗಳಾದ ಮೇಲೆ ಅದರ ವಾಸನೆಗೇ ಊಟ ಬೇಡವಾಗುತ್ತದೆ ಅಂತ ಅವನೇ ಹೇಳಿದ.)

2025ರ ಏಪ್ರಿಲಿನಲ್ಲಿ ಕರ್ನಾಟಕ ಸರ್ಕಾರ ಕನಿಷ್ಠ ವೇತನದ ಒಂದು ಕರಡು ಹೊರಡಿಸಿತು. ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಅಂಕಿ ತಿಂಗಳಿಗೆ 19,300ರ ಆಸುಪಾಸು, ಎಲ್ಲಕ್ಕಿಂತ ಜಾಸ್ತಿ 34,000 ಚಿಲ್ಲರೆ. ಉದ್ಯಮಿಗಳ ಸಂಘಗಳು ಕೂಡಲೇ ಬೊಬ್ಬೆ ಹಾಕಿದವು. ಅಂಕಿ ಸುಮ್ನೆ ಗಾಳಿಯಿಂದ ಬಂದದ್ದಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಸೂತ್ರ ಕೊಟ್ಟಿತ್ತು. ಒಬ್ಬ ದುಡಿಯುವವನ ಸಂಬಳ ಮೂರು ಹೊಟ್ಟೆಯ ಲೆಕ್ಕದಲ್ಲಿ ಇರಬೇಕು, ತಲಾ 2,700 ಕ್ಯಾಲೊರಿ ಆಹಾರ, ಮನೆಯವರಿಗೆಲ್ಲ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ, ದೀಪ. ಆಮೇಲೆ ರೆಪ್ಟಕೋಸ್ ಬ್ರೆಟ್ ಅನ್ನುವ ಕಂಪನಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಆಸ್ಪತ್ರೆ, ಹಬ್ಬ, ಮದುವೆಗೆ ಅಂತ ಶೇ 25 ಸೇರಿಸಬೇಕು ಅಂದಿತು. ಇಷ್ಟನ್ನೂ ಇವತ್ತಿನ ಅಕ್ಕಿ ಬೇಳೆ ರೇಟಿಗೆ ಕೂಡಿಸಿ ನೋಡಿ, ಹತ್ತೊಂಬತ್ತು ಸಾವಿರ ದೊಡ್ಡ ಮೊತ್ತ ಅನ್ನಿಸುವುದಿಲ್ಲ.

ಆದರೆ ಆ 19,300 ದಿನಕ್ಕೆ ಎಂಟು ಗಂಟೆಯಂತೆ 26 ದಿನಕ್ಕೆ, ಅಂದರೆ 208 ಗಂಟೆಗೆ. ಗಂಟೆಗೆ 93 ರೂಪಾಯಿ. ಅದರ ಮೇಲೆ ದುಡಿಸಿದರೆ ಓವರ್‌ಟೈಮ್, ಅದು ಎರಡು ಪಟ್ಟು ಅಂತ ಕಾನೂನಿದೆ. ಈಗ ನಮ್ಮ ಹುಡುಗನ 336 ಗಂಟೆಗೆ ಈ ಲೆಕ್ಕ ಹಾಕಿ. 208 ಗಂಟೆಗೆ 19,300. ಮಿಕ್ಕ 128 ಗಂಟೆಗೆ 186ರಂತೆ 23,800. ಒಟ್ಟು 43,000 ದಾಟಿತು. ತಪ್ಪಿರಬೇಕು ಅಂತ ನಾನೇ ಎರಡು ಸಲ ಕೂಡಿಸಿದೆ. ಮಾಲೀಕರಿಗೆ ತೋರಿಸಿದೆ. ಅವರು ಕ್ಯಾಲ್ಕುಲೇಟರ್ ನನ್ನ ಕಡೆ ತಳ್ಳಿ, "ಸಾರ್, ಅಂಗಡಿ ಅವನಿಗೇ ಬರ್ಕೊಡ್ತೀನಿ, ನಾನು ಪ್ಲೇಟ್ ತೊಳೀತೀನಿ" ಅಂದರು.

ನಗು ಬಂತು, ಆದರೆ ಇಲ್ಲಿ ಒಂದು ವಿಷಯ ಇದೆ. 43,000 ಯಾರೂ ಕೊಡುವುದಿಲ್ಲ. ಗಂಟೆ ನಿಜವಾಗಿ ಎಣಿಸುವ ಪರಿಸ್ಥಿತಿ ಬಂದರೆ ಒಬ್ಬನನ್ನೇ ಹನ್ನೆರಡು ಗಂಟೆ ಎಳೆಯುವುದಕ್ಕಿಂತ ಎಂಟು ಗಂಟೆಗೆ ಇನ್ನೊಬ್ಬರನ್ನು ಇಟ್ಟುಕೊಳ್ಳುವುದೇ ಅಗ್ಗವಾಗುತ್ತದೆ. ಸಂಬಳ ಏರಿದರೆ ಕೆಲಸ ಕಡಿಮೆಯಾಗುತ್ತದೆ ಅನ್ನುವ ಅಮೆರಿಕದ ವಾದವನ್ನು ಇಲ್ಲಿ ಹಾಗೇ ತಂದು ಹೇಳುವವರು ಇದನ್ನು ಮರೆಯುತ್ತಾರೆ. ಅಲ್ಲಿ ಮಾಲೀಕ ಗಂಟೆ ಕತ್ತರಿಸುತ್ತಾನೆ, ವಾರಕ್ಕೆ ಮೂವತ್ತು ಇದ್ದದ್ದನ್ನು ಇಪ್ಪತ್ತೈದು ಮಾಡುತ್ತಾನೆ. ಇಲ್ಲಿ ಗಂಟೆ ರಬ್ಬರ್ ಇದ್ದ ಹಾಗೆ, ಎಳೆದಷ್ಟೂ ಬರುತ್ತದೆ, ಎಳೆಯುವುದಕ್ಕೆ ದುಡ್ಡೂ ಬೇಕಾಗಿಲ್ಲ. ಹೀಗಾಗಿ ತಿಂಗಳ ಅಂಕಿಯನ್ನು ಹದಿನೈದರಿಂದ ಹತ್ತೊಂಬತ್ತು ಮಾಡಿ ಗಂಟೆಯ ಪುಸ್ತಕ ಇಡದೇ ಇದ್ದರೆ ಹನ್ನೆರಡು ಗಂಟೆ ಹದಿಮೂರಾಗುತ್ತದೆ, ಅಷ್ಟೇ.

"ಊಟ ವಸತಿ ಕೊಡ್ತೀವಲ್ಲ ಸಾರ್" ಅನ್ನುವುದು ಎಲ್ಲಾ ಮಾಲೀಕರ ಮುಂದಿನ ಮಾತು. ಸುಳ್ಳಲ್ಲ. ಎರಡು ಹೊತ್ತು ಅನ್ನ ಸಾರು, ಭಾನುವಾರ ಕೋಳಿ, ಮಲಗುವುದಕ್ಕೆ ಅಟ್ಟ. ಆದರೆ 2025ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಇದಕ್ಕೂ ಲೆಕ್ಕ ಇದೆ. ಸಂಬಳದ ಬದಲು ವಸ್ತು ರೂಪದಲ್ಲಿ ಏನೇ ಕೊಟ್ಟರೂ ಒಟ್ಟು ವೇತನದ ಶೇ 15ರವರೆಗೆ ಮಾತ್ರ ವೇತನ ಅಂತ ಎಣಿಸಬಹುದು. ವಸತಿಯ ಬೆಲೆಯನ್ನಂತೂ ವೇತನದಿಂದಲೇ ಹೊರಗಿಟ್ಟಿದ್ದಾರೆ. ಊಟಕ್ಕೆ ಪೂರ್ತಿ ಶೇ 15 ಸೇರಿಸಿದರೂ ನಮ್ಮ ಹುಡುಗನ ಗಂಟೆ 53 ರೂಪಾಯಿ ಮುಟ್ಟುವುದಿಲ್ಲ. ಅಟ್ಟದ ಬಗ್ಗೆ ನಾನು ಹೇಳುವುದು ಇಷ್ಟೇ, ಅಟ್ಟದಲ್ಲಿ ಮಲಗಿದವನು ಬೆಳಿಗ್ಗೆ ಏಳಕ್ಕೆ ಹಾಲಿನ ಗಾಡಿ ಬಂದರೂ ಇಳಿದು ಬಾಗಿಲು ತೆಗೆಯಬೇಕು. ಆ ಗಂಟೆ 336ರಲ್ಲಿ ಇಲ್ಲ.

ಟಿಪ್ಸ್ ಅನ್ನುವುದೂ ಹೋಯಿತು. ಮೊದಲು ಚಿಲ್ಲರೆ ಹತ್ತೋ ಇಪ್ಪತ್ತೋ ಸೋಂಪಿನ ತಟ್ಟೆಯಲ್ಲಿ ಬಿಟ್ಟು ಹೋಗುತ್ತಿದ್ದರು. ಈಗ ಎಲ್ಲರೂ ಸ್ಕ್ಯಾನ್ ಮಾಡುತ್ತಾರೆ, ಪೈಸೆ ಪೈಸೆ ಸರಿಯಾಗಿ ಮಾಲೀಕರ ಖಾತೆಗೆ ಬೀಳುತ್ತದೆ.

ಈಗ ಮಾಲೀಕರ ಆ ಎಂಟು ರೂಪಾಯಿ. ಜೂನ್ ಮಧ್ಯದಿಂದ ಆಗಸ್ಟ್ ಕೊನೆವರೆಗೆ ಮಡಿಕೇರಿಯಲ್ಲಿ ಮಳೆ ಹೇಗಿರುತ್ತದೆ ಅಂತ ಇಲ್ಲಿ ಇದ್ದವರಿಗೇ ಗೊತ್ತು. ತಿಂಗಳಿಗೆ 3,600 ಪ್ಲೇಟ್ ಹೋಗುವ ಅಂಗಡಿ ಜುಲೈನಲ್ಲಿ 1,600ಕ್ಕೆ ಇಳಿಯುತ್ತದೆ. ಬಾಡಿಗೆ ಇಳಿಯುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಮೇಲೆ ಪ್ರವಾಸಿಗರೇ ಬರದೆ ಎಷ್ಟು ಶಟರ್ ಶಾಶ್ವತವಾಗಿ ಇಳಿದವು ಅನ್ನುವುದನ್ನು ಈ ಮಾಲೀಕರು ಇವತ್ತಿಗೂ ಮರೆತಿಲ್ಲ. ಕರಡಿನ ಅಂಕಿಯನ್ನೇ ಹಿಡಿದು, ಎಂಟು ಗಂಟೆ ಪಾಳಿಯಂತೆ ಮೂವರ ಬದಲು ಐದು ಜನರನ್ನು ಇಟ್ಟರೆ ಸಂಬಳದ ಖರ್ಚು 52,000ದಿಂದ ಒಂದು ಲಕ್ಷದ ಹತ್ತಿರ ಹೋಗುತ್ತದೆ. ಸೀಸನ್ನಿನಲ್ಲಿ ಅದು ಪ್ಲೇಟಿಗೆ ಹದಿಮೂರು ರೂಪಾಯಿ. ಜುಲೈನಲ್ಲಿ ಮೂವತ್ತು. ಹದಿಮೂರನ್ನು ಬೆಂಗಳೂರಿನ ಕಾರಿನವರು ಗಮನಿಸುವುದೂ ಇಲ್ಲ, ಮೊನ್ನೆ ಇಪ್ಪತ್ತನ್ನೇ ಕೊಟ್ಟು ಹೋದರಲ್ಲ. ಜುಲೈನ ಮೂವತ್ತನ್ನು ಕೊಡಬೇಕಾದವರು ಇಲ್ಲೇ ಬ್ಯಾಂಕು, ಕಚೇರಿ, ಕಾಲೇಜಿನವರು. ಅವರು ಕೊಡುವುದಿಲ್ಲ, ಮನೆಗೆ ಹೋಗಿ ಅಕ್ಕಿ ರೊಟ್ಟಿ ತಿನ್ನುತ್ತಾರೆ.

ಇದನ್ನು ಸುಮ್ನೆ ನೆಪ ಅಂತ ತಳ್ಳಿಹಾಕುವವರು ಒಂದು ಮಳೆಗಾಲ ಗಲ್ಲಾದಲ್ಲಿ ಕೂತು ನೋಡಬೇಕು. ಆದರೆ ಈಗ ಮಳೆಗಾಲದ ನಷ್ಟವನ್ನು ಹೊರುವವರು ಯಾರು? ಜುಲೈನಲ್ಲಿ ಮಾಲೀಕರು ಒಬ್ಬ ಹುಡುಗನಿಗೆ "ಊರಿಗೆ ಹೋಗಿ ಬಾ" ಅನ್ನುತ್ತಾರೆ. ಎರಡು ತಿಂಗಳು ಸಂಬಳ ಇಲ್ಲ. ರೈಲಿನ ದುಡ್ಡು ಅಡ್ವಾನ್ಸ್ ಪುಸ್ತಕಕ್ಕೆ. ಸೀಸನ್ನಿನ ಲಾಭ ಮಾಲೀಕರು ಮತ್ತು ಬಿಲ್ಡಿಂಗ್ ಓನರ್ ಹಂಚಿಕೊಳ್ಳುತ್ತಾರೆ, ಮಳೆಯ ನಷ್ಟದಲ್ಲಿ ಮಾತ್ರ ಹುಡುಗನಿಗೂ ಪಾಲು.

ನನ್ನನ್ನು ಕೇಳಿದರೆ ಕೊಡಗಿನಂಥ ಜಾಗದಲ್ಲಿ ಜಗಳ ಶುರುವಾಗಬೇಕಾದ್ದು ಹತ್ತೊಂಬತ್ತು ಸಾವಿರದಿಂದ ಅಲ್ಲ, ಒಂದು ಹಾಜರಿ ಪುಸ್ತಕದಿಂದ. ಎಷ್ಟು ಗಂಟೆಗೆ ಬಂದ, ಎಷ್ಟಕ್ಕೆ ಹೋದ. ಶನಿವಾರ ಭಾನುವಾರ, ದಸರಾ, ಡಿಸೆಂಬರ್ ಕೊನೇ ವಾರ, ಅಂಗಡಿ ತುಂಬಿ ತುಳುಕುವ ದಿನಗಳ ಓವರ್‌ಟೈಮಾದರೂ ಸರಿಯಾಗಿ ಎಣಿಸಿ ಕೊಡಲಿ. ದುಡ್ಡು ಇರುವುದೂ ಆ ದಿನಗಳಲ್ಲೇ, ಮೈ ಮುರಿಯುವುದೂ ಆ ದಿನಗಳಲ್ಲೇ. ಡೆನ್ಮಾರ್ಕಿನಲ್ಲಿ ಕನಿಷ್ಠ ವೇತನದ ಕಾನೂನೇ ಇಲ್ಲ, ಆದರೂ ಮೆಕ್‌ಡೊನಾಲ್ಡ್ಸ್ ಕೆಲಸಗಾರರಿಗೆ ಅಮೆರಿಕದವರ ಕಣ್ಣು ಕುಕ್ಕುವಷ್ಟು ಸಂಬಳ ಇದೆ. 1980ರ ದಶಕದ ಕೊನೆಯಲ್ಲಿ ಅಲ್ಲಿನ ಬೇರೆ ಬೇರೆ ಯೂನಿಯನ್‌ಗಳು ಒಟ್ಟಾಗಿ ಮುಷ್ಕರ ಹೂಡಿ ಕಂಪನಿಯನ್ನು ಮಾತುಕತೆಗೆ ಕೂರಿಸಿದ್ದವು. ಇಲ್ಲಿ ತೋಟದ ಕಾರ್ಮಿಕರಿಗಾದರೂ ಯೂನಿಯನ್ ಅನ್ನುವ ಪದ ಗೊತ್ತು, ಫಾಸ್ಟ್ ಫುಡ್ ಹುಡುಗರಿಗೆ ಪಕ್ಕದ ಅಂಗಡಿಯವನ ಸಂಬಳವೂ ಗೊತ್ತಿರುವುದಿಲ್ಲ.

ಹಾಜರಿ ಪುಸ್ತಕದ ಮಾತು ಮಾಲೀಕರಿಗೂ ಹೇಳಿದೆ. ಇಲ್ಲ ಅನ್ನಲಿಲ್ಲ, ನೋಡೋಣ ಸಾರ್ ಅಂದರು. ಮೊನ್ನೆ ಹೋದಾಗ ಅಸ್ಸಾಮಿನ ಹುಡುಗ ಇರಲಿಲ್ಲ, ಸಿದ್ದಾಪುರಕ್ಕೆ ಅಣ್ಣನ ಹತ್ತಿರ ಹೋದನಂತೆ. ಬಾಕಿ ದುಡ್ಡು ಅಣ್ಣನೇ ತಂದು ಕಟ್ಟಿದನಂತೆ. ಮೆನು ಬೋರ್ಡಿನ ಕೆಳಗೆ ಹೊಸ ಚೀಟಿ ಅಂಟಿಸಿದ್ದರು, ಅದೇ ಪೆನ್ನು, ಅದೇ ಅಕ್ಷರ: "ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ. ಊಟ ವಸತಿ ಇದೆ." ಸಂಬಳ ಎಷ್ಟು ಅಂತ ಬರೆದಿರಲಿಲ್ಲ. ಎಷ್ಟು ಗಂಟೆ ಅಂತಲೂ.